ಸಿಸ್ಟರ್‌ಗಳು ಪಡೆಯದ ಸಂಬಳ

2007ರಲ್ಲಿ ರಾಬರ್ಟ್ ವಿಲ್ಸನ್ ಎಂಬ ನಿವೃತ್ತ ಹೂಡಿಕೆದಾರರು ನ್ಯೂಯಾರ್ಕಿನ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯಕ್ಕೆ 2.25 ಕೋಟಿ ಡಾಲರ್ ಕೊಟ್ಟರು. ಬಡವರ ಮಕ್ಕಳು ಆ ನಗರದ ಕ್ಯಾಥೊಲಿಕ್ ಶಾಲೆಗಳಲ್ಲಿ ಓದಲಿ ಎಂಬ ಉದ್ದೇಶಕ್ಕೆ, ವಿದ್ಯಾರ್ಥಿವೇತನದ ರೂಪದಲ್ಲಿ ಬಳಸಬೇಕಾದ ಹಣ ಅದು. ವಿಲ್ಸನ್ ಕ್ಯಾಥೊಲಿಕರಾಗಿರಲಿಲ್ಲ, ಯಾವ ಧರ್ಮಕ್ಕೂ ಸೇರಿದವರೂ ಆಗಿರಲಿಲ್ಲ. ತಾನು ನಾಸ್ತಿಕ ಎಂದು ಬಹಿರಂಗವಾಗಿಯೇ ಹೇಳಿಕೊಂಡಿದ್ದವರು. ದೇವರನ್ನು ನಂಬದ ಮನುಷ್ಯನೊಬ್ಬ ಬಿಷಪ್ಪರ ಕೈಗೆ ಇಷ್ಟು ಹಣ ಕೊಟ್ಟದ್ದು ಪತ್ರಿಕೆಗಳಿಗೆ ಸೋಜಿಗದ ಸುದ್ದಿಯಾಯಿತು.

ಇಂಥ ದೇಣಿಗೆಗಳ ಬಗ್ಗೆ ಅಮೆರಿಕದಲ್ಲಿ ಎರಡು ಮಾತುಗಳು ಹಳೆಯವು. ಬಡ ಮಗುವಿಗೆ ಒಳ್ಳೆಯ ಶಾಲೆಯ ಬಾಗಿಲು ತೆರೆಯುವುದಕ್ಕಿಂತ ದೊಡ್ಡ ಪುಣ್ಯ ಯಾವುದಿದೆ ಎನ್ನುವುದು ಒಂದು. ಸರ್ಕಾರಿ ಶಾಲೆಯಿಂದ ಜಾಣ ಮಕ್ಕಳನ್ನು ಹೆಕ್ಕಿಕೊಂಡು ಹೋಗಿ, ಉಳಿದವರನ್ನು ಅವರ ಪಾಡಿಗೆ ಬಿಡುವ ವ್ಯವಸ್ಥೆ ಇದು, ಜೊತೆಗೆ ಮತಪ್ರಚಾರಕ್ಕೂ ದಾರಿ ಎನ್ನುವುದು ಇನ್ನೊಂದು. ಎರಡು ಮಾತುಗಳಲ್ಲೂ ಸತ್ಯಾಂಶವಿದೆ. ಆದರೆ ಎರಡೂ ನೋಡುವುದು ಮಗುವನ್ನು ಮಾತ್ರ. ಶಾಲೆಯ ಲೆಕ್ಕದ ಪುಸ್ತಕವನ್ನು ಎರಡೂ ತೆರೆಯುವುದಿಲ್ಲ. ಆ ಪುಸ್ತಕ ತೆರೆದರೆ ಬೇರೆಯೇ ಕಥೆ ಕಾಣುತ್ತದೆ. ಈ ವಿದ್ಯಾರ್ಥಿವೇತನ ಹೊಸ ದಾನವೇನಲ್ಲ. ಒಂದು ಕಾಲದಲ್ಲಿ ಸಾವಿರಾರು ಹೆಂಗಸರು ತಮ್ಮ ಇಡೀ ಬದುಕನ್ನೇ ಕೊಟ್ಟು ತುಂಬುತ್ತಿದ್ದ ಖರ್ಚನ್ನು, ಅವರಿಲ್ಲದ ಕಾಲದಲ್ಲಿ ಡಾಲರುಗಳಲ್ಲಿ ತುಂಬುವ ಪ್ರಯತ್ನ ಅದು. ಅದರ ಸಾಧನೆಯನ್ನೂ ಮಿತಿಯನ್ನೂ ಇಲ್ಲಿಂದಲೇ ಅಳೆಯಬೇಕು.

ಈ ಶಾಲೆಗಳು ಹುಟ್ಟಿದ್ದು ಜಗಳದಲ್ಲಿ. 1840ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಸಾರ್ವಜನಿಕ ಹಣದಿಂದ ನಡೆಯುತ್ತಿದ್ದ ಶಾಲೆಗಳು ಪ್ರಾಟೆಸ್ಟೆಂಟ್ ಗಣ್ಯರ ಖಾಸಗಿ ಸಂಘವೊಂದರ ಕೈಯಲ್ಲಿದ್ದವು. ಅಲ್ಲಿ ಓದಿಸುತ್ತಿದ್ದದ್ದು ಪ್ರಾಟೆಸ್ಟೆಂಟರ ಬೈಬಲ್. ಪಠ್ಯಗಳಲ್ಲಿ ಕ್ಯಾಥೊಲಿಕರನ್ನು ಹೀಗಳೆಯುವ ಮಾತುಗಳಿದ್ದವು. ಹಡಗಿನಿಂದ ಇಳಿದು ಕೂಲಿಗೆ ನಿಂತ ಐರಿಷ್ ಬಡವರ ಪರವಾಗಿ ಬಿಷಪ್ ಜಾನ್ ಹ್ಯೂಸ್ ಸರ್ಕಾರದ ಹಣದಲ್ಲಿ ತಮ್ಮ ಶಾಲೆಗಳಿಗೂ ಪಾಲು ಕೇಳಿದರು. 1842ರ ಕಾನೂನು ಧರ್ಮಬೋಧನೆ ಮಾಡುವ ಯಾವ ಶಾಲೆಗೂ ಸಾರ್ವಜನಿಕ ಹಣವಿಲ್ಲ ಎಂದಿತು. 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಇದೇ ಬೈಬಲ್ ವಿವಾದ ಗಲಭೆಯಾಗಿ, ಕ್ಯಾಥೊಲಿಕ್ ಚರ್ಚುಗಳು ಸುಟ್ಟುಹೋದವು. ಹಾಗಾದರೆ ನಮ್ಮ ಶಾಲೆ ನಾವೇ ಕಟ್ಟಿಕೊಳ್ಳುತ್ತೇವೆ ಎಂದು ಹ್ಯೂಸ್ ಹೊರಟರು. 1884ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಬಿಷಪ್ಪರ ಮಹಾಸಭೆ ಪ್ರತಿಯೊಂದು ಧರ್ಮಕೇಂದ್ರವೂ ಶಾಲೆಯೊಂದನ್ನು ಕಟ್ಟಲೇಬೇಕೆಂದು ಆಜ್ಞೆ ಮಾಡಿತು.

ಆಜ್ಞೆ ಮಾಡುವುದು ಸುಲಭ. ಕೂಲಿಕಾರರ ಕಾಣಿಕೆ ಡಬ್ಬಿಯಿಂದ ಕಟ್ಟಡವನ್ನಾದರೂ ಎಬ್ಬಿಸಬಹುದು. ಪ್ರತಿ ತಿಂಗಳೂ ಮೇಷ್ಟ್ರಿಗೆ ಸಂಬಳ ಕೊಡುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ನಿಂತವರು ಸಿಸ್ಟರ್‌ಗಳು. ಎಲಿಜಬೆತ್ ಆನ್ ಸೀಟನ್ ಎಂಬ ವಿಧವೆ ಮೇರಿಲ್ಯಾಂಡಿನ ಎಮಿಟ್ಸ್‌ಬರ್ಗ್‌ನಲ್ಲಿ 1809ರಲ್ಲಿ ಸ್ಥಾಪಿಸಿದ ಸಂನ್ಯಾಸಿನಿಯರ ಸಂಘ ಆ ಪರಂಪರೆಗೆ ನಾಂದಿ ಹಾಡಿತ್ತು. ಮುಂದೆ ಐರ್ಲೆಂಡ್, ಜರ್ಮನಿ, ಫ್ರಾನ್ಸ್, ಪೋಲೆಂಡುಗಳಿಂದ ಬಂದ, ಅಮೆರಿಕದಲ್ಲೇ ಹುಟ್ಟಿದ ಹತ್ತಾರು ಸಂಘಗಳು ಸೇರಿಕೊಂಡವು. ಶಾಲೆಯ ಪಕ್ಕದ ಮನೆಯಲ್ಲಿ ಒಟ್ಟಿಗೆ ಇದ್ದು, ಒಟ್ಟಿಗೆ ಉಂಡು, ಹೆಸರಿಗಷ್ಟೇ ಎನ್ನಬಹುದಾದ ಭತ್ಯೆಯಲ್ಲಿ ಅವರು ಪಾಠ ಹೇಳಿದರು. ಒಂದೊಂದು ತರಗತಿಯಲ್ಲಿ ಐವತ್ತು, ಅರವತ್ತು ಮಕ್ಕಳು. 1950ರಲ್ಲಿ ಕ್ಯಾಥೊಲಿಕ್ ಶಾಲೆಗಳ ಶಿಕ್ಷಕರಲ್ಲಿ ನೂರಕ್ಕೆ ಸುಮಾರು 90 ಮಂದಿ ವ್ರತ ತೊಟ್ಟವರು. ಅವರಲ್ಲಿ ಬಹುಪಾಲು ಹೆಂಗಸರೇ. ಎಷ್ಟೋ ಧರ್ಮಕೇಂದ್ರಗಳ ಶಾಲೆಗಳು ಶುಲ್ಕವನ್ನೇ ಕೇಳುತ್ತಿರಲಿಲ್ಲ, ಕೇಳಿದರೂ ಅದು ಬಡವನ ಕೈಗೆಟಕುವಷ್ಟೇ ಇತ್ತು. ಶಾಲೆ ಅಗ್ಗವಾಗಿರಲಿಲ್ಲ. ಅದರ ಬೆಲೆಯನ್ನು ಬೇರೆ ಯಾರೋ ತೆರುತ್ತಿದ್ದರು, ಅಷ್ಟೆ.

ಇದಕ್ಕೊಂದು ಒಳ್ಳೆಯ ಸಾಕ್ಷಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್. ಪೋರ್ಟೊರಿಕೊ ಮೂಲದ ಕುಟುಂಬದ ಈಕೆ ಹುಟ್ಟಿದ್ದು 1954ರಲ್ಲಿ, ಬೆಳೆದದ್ದು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ. ಒಂಬತ್ತು ವರ್ಷಕ್ಕೆ ತಂದೆಯನ್ನು ಕಳೆದುಕೊಂಡರು. ನರ್ಸ್ ಆಗಿದ್ದ ತಾಯಿ ತನ್ನೊಬ್ಬಳ ದುಡಿಮೆಯಲ್ಲೇ ಮಗಳನ್ನೂ ಮಗನನ್ನೂ ಕ್ಯಾಥೊಲಿಕ್ ಶಾಲೆಗಳಲ್ಲಿ ಓದಿಸಿದರು. ಒಬ್ಬ ನರ್ಸ್‌ನ ಸಂಬಳದಲ್ಲಿ ಇಬ್ಬರು ಮಕ್ಕಳ ಖಾಸಗಿ ಶಾಲಾ ಶುಲ್ಕ ತುಂಬಲು ಸಾಧ್ಯವಾದದ್ದು ಆ ತಾಯಿಯ ಛಲದಿಂದ, ನಿಜ. ತರಗತಿಯ ಮುಂದೆ ನಿಂತವರು ತಮ್ಮ ಪಾಲಿನ ಸಂಬಳವನ್ನು ಬಿಟ್ಟುಕೊಟ್ಟಿದ್ದರಿಂದ ಎಂಬುದೂ ಅಷ್ಟೇ ನಿಜ.

1960ರ ದಶಕದ ಮಧ್ಯದಲ್ಲಿ ಈ ವ್ಯವಸ್ಥೆ ತನ್ನ ತುದಿ ಮುಟ್ಟಿತ್ತು. ಸುಮಾರು 13 ಸಾವಿರ ಶಾಲೆಗಳಲ್ಲಿ 52 ಲಕ್ಷ ಮಕ್ಕಳು. ದೇಶದಲ್ಲಿ ಸುಮಾರು 1 ಲಕ್ಷ 80 ಸಾವಿರ ಸಿಸ್ಟರ್‌ಗಳು. ಆಮೇಲೆ ಬಂದದ್ದು ಇಳಿಜಾರು. ಚರ್ಚಿನೊಳಗೇ ಗಾಳಿ ಬದಲಾಯಿತು, ಹೆಣ್ಣುಮಕ್ಕಳಿಗೆ ಹೊರಗಿನ ಜಗತ್ತಿನಲ್ಲಿ ನೂರು ದಾರಿ ತೆರೆಯಿತು, ಹೊಸದಾಗಿ ವ್ರತ ತೊಡುವವರು ವಿರಳವಾದರು. ಇದ್ದವರಲ್ಲೂ ಅನೇಕರು ಸಂಘ ಬಿಟ್ಟರು, ಉಳಿದವರಿಗೆ ವಯಸ್ಸಾಯಿತು. ಇಂದು ಅಮೆರಿಕದಲ್ಲಿ ಸಿಸ್ಟರ್‌ಗಳ ಸಂಖ್ಯೆ 40 ಸಾವಿರವನ್ನೂ ಮುಟ್ಟುವುದಿಲ್ಲ. ಕ್ಯಾಥೊಲಿಕ್ ಶಾಲೆಗಳಲ್ಲಿ ನೂರಕ್ಕೆ 97 ಮಂದಿ ವ್ರತ ತೊಡದ ಶಿಕ್ಷಕರು. ಅವರಿಗೆ ಮನೆ ಬಾಡಿಗೆ ಇದೆ, ಮಕ್ಕಳಿದ್ದಾರೆ, ವಿಮೆ ಕಟ್ಟಬೇಕು. ಸರ್ಕಾರಿ ಶಾಲೆಗಿಂತ ಕಡಿಮೆ ಸಂಬಳಕ್ಕೆ ಒಪ್ಪಿಕೊಂಡರೂ ಅವರಿಗೆ ಸಂಬಳವಿಲ್ಲದೆ ಆಗದು.

ಇದೇ ಹೊತ್ತಿಗೆ ನಗರಗಳ ಜನವೂ ಬದಲಾದರು. ಒಂದೆರಡು ತಲೆಮಾರಿನಲ್ಲಿ ಮೇಲೆ ಬಂದ ಐರಿಷ್, ಇಟಾಲಿಯನ್ ಕುಟುಂಬಗಳು ಉಪನಗರಗಳಿಗೆ ಮನೆ ಬದಲಿಸಿದವು. ಅವರು ಬಿಟ್ಟ ಬೀದಿಗಳಿಗೆ ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪುಜನರೂ, ಪೋರ್ಟೊರಿಕೊ ಮತ್ತು ಇತರ ಲ್ಯಾಟಿನ್ ಮೂಲದವರೂ ಬಂದರು. ನ್ಯೂಯಾರ್ಕಿನ ಹಾರ್ಲೆಮಿನಂಥ ಕಡೆ ಎಷ್ಟೋ ಶಾಲೆಗಳಲ್ಲಿ ಕ್ಯಾಥೊಲಿಕರಲ್ಲದ ಮಕ್ಕಳೇ ಹೆಚ್ಚಾದರು. ಕಾಣಿಕೆ ಹಾಕುವ ಧರ್ಮಕೇಂದ್ರ ಬಡವಾಯಿತು, ಬಿಟ್ಟಿ ದುಡಿಯುವ ಸಿಸ್ಟರ್ ಇಲ್ಲವಾದರು, ಹೊಸ ಮಕ್ಕಳ ಮನೆಯಲ್ಲಿ ಕಾಸಿಲ್ಲ. ಶಾಲೆಯ ಮೂರು ಆಧಾರಗಳೂ ಒಟ್ಟಿಗೇ ಕುಸಿದವು.

ಸರ್ಕಾರ ಕೈ ಹಿಡಿಯಬಹುದಿತ್ತಲ್ಲ ಎಂದು ನಮಗೆ ಅನ್ನಿಸುವುದು ಸಹಜ. ರೋಡ್ ಐಲೆಂಡ್, ಪೆನ್ಸಿಲ್ವೇನಿಯಾ ರಾಜ್ಯಗಳು ಆ ಪ್ರಯತ್ನ ಮಾಡಿದವು. ಗಣಿತ, ವಿಜ್ಞಾನದಂಥ ಲೌಕಿಕ ವಿಷಯ ಕಲಿಸುವ ಶಿಕ್ಷಕರ ಸಂಬಳಕ್ಕೆ ರಾಜ್ಯದ ನೆರವು ಕೊಡುವ ಕಾನೂನು ಮಾಡಿದವು. 1971ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಲೆಮನ್ ಮೊಕದ್ದಮೆಯಲ್ಲಿ ಅವೆರಡನ್ನೂ ಸಂವಿಧಾನಬಾಹಿರ ಎಂದಿತು. ಬಡ ಮಕ್ಕಳ ಶುಲ್ಕಕ್ಕೆಂದು ನ್ಯೂಯಾರ್ಕಿನ ಇನ್ನರ್-ಸಿಟಿ ಸ್ಕಾಲರ್‌ಶಿಪ್ ಫಂಡ್ ಆರಂಭವಾದದ್ದೂ 1971ರಲ್ಲೇ. ಕಾಕತಾಳೀಯವೇ ಇರಬಹುದು, ಆದರೂ ಸರ್ಕಾರದ ಬಾಗಿಲು ಮುಚ್ಚಿದ ವರ್ಷವೇ ದಾನದ ಬಾಗಿಲು ತೆರೆದದ್ದು ಇಡೀ ಪರಿಸ್ಥಿತಿಯನ್ನು ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. 1986ರಲ್ಲಿ ಷಿಕಾಗೊದಲ್ಲಿ ಬಿಗ್ ಷೋಲ್ಡರ್ಸ್ ಫಂಡ್, ಅದೇ ವರ್ಷ ನ್ಯೂಯಾರ್ಕಿನಲ್ಲಿ ಒಬ್ಬ ದಾನಿ ಒಬ್ಬ ಹೈಸ್ಕೂಲು ವಿದ್ಯಾರ್ಥಿಯ ಹೊಣೆ ಹೊರುವ ಸ್ಟೂಡೆಂಟ್ ಸ್ಪಾನ್ಸರ್ ಪಾರ್ಟ್‌ನರ್ಸ್ ಹುಟ್ಟಿದವು. ದಾನಿಗಳಲ್ಲಿ ಯಹೂದಿಗಳೂ ಪ್ರಾಟೆಸ್ಟೆಂಟರೂ ಇದ್ದರು. ವಿಲ್ಸನ್ ನಡೆದದ್ದು ಅದಾಗಲೇ ಸವೆದಿದ್ದ ದಾರಿಯಲ್ಲಿ.

ಈ ಹಣ ಫಲ ಕೊಟ್ಟಿತೇ? ಉತ್ತರಕ್ಕೆ ಅರ್ಧ ಶತಮಾನದ ಸಂಶೋಧನೆ ಇದೆ. ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞ 1982ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಅಧ್ಯಯನ, ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ ಬಡ ಮತ್ತು ಅಲ್ಪಸಂಖ್ಯಾತ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ ಎಂದಿತು. ತಕ್ಷಣ ಎದ್ದ ಆಕ್ಷೇಪವೂ ಗಟ್ಟಿಯದೇ: ಶುಲ್ಕ ಕಟ್ಟಿ ಕಳಿಸುವ ತಂದೆತಾಯಿಯೇ ಬೇರೆ ಬಗೆಯವರು, ಫಲ ಅವರದ್ದೋ ಶಾಲೆಯದ್ದೋ? 1997ರಲ್ಲಿ ಅರ್ಥಶಾಸ್ತ್ರಜ್ಞ ಡೆರೆಕ್ ನೀಲ್ ಈ ಆಯ್ಕೆಯ ತೊಡಕನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ನಗರದ ಅಲ್ಪಸಂಖ್ಯಾತ ವಿದ್ಯಾರ್ಥಿಯೊಬ್ಬ ಹೈಸ್ಕೂಲು ಮುಗಿಸುವ ಸಂಭವ ಶೇ 62ರಿಂದ ಶೇ 88ಕ್ಕೆ ಏರುತ್ತದೆ ಎಂದು ಕಂಡುಕೊಂಡರು. ಅದೇ ವರ್ಷ ನ್ಯೂಯಾರ್ಕಿನಲ್ಲಿ ದಾನಿಗಳು ಒಂದು ಲಾಟರಿ ನಡೆಸಿದರು. ವರ್ಷಕ್ಕೆ 1,400 ಡಾಲರಿನವರೆಗಿನ ಸುಮಾರು 1,300 ವಿದ್ಯಾರ್ಥಿವೇತನಗಳು, ಅರ್ಜಿ ಹಾಕಿದವರು 20 ಸಾವಿರಕ್ಕೂ ಹೆಚ್ಚು. ಗೆದ್ದವರೂ ಸೋತವರೂ ಒಂದೇ ಬಗೆಯ ಮನೆಗಳ ಮಕ್ಕಳಾದ್ದರಿಂದ ಹೋಲಿಕೆ ನ್ಯಾಯವಾಗಿತ್ತು. ವೇತನ ಬಳಸಿಕೊಂಡವರಲ್ಲಿ ಹೆಚ್ಚಿನವರು ಸೇರಿದ್ದು ಕ್ಯಾಥೊಲಿಕ್ ಶಾಲೆಗಳಿಗೇ.

ಆ ಲಾಟರಿಯ ಫಲಿತಾಂಶವನ್ನು ಎರಡೂ ಪಕ್ಷಗಳು ತಮಗೆ ಬೇಕಾದಷ್ಟೇ ಉಲ್ಲೇಖಿಸುತ್ತವೆ. ಕಪ್ಪುಮಕ್ಕಳ ಪರೀಕ್ಷೆಯ ಅಂಕ ಏರಿತೆಂದು ಮೊದಲ ವರದಿಗಳು ಹೇಳಿದವು. 2004ರಲ್ಲಿ ಕ್ರೂಗರ್ ಮತ್ತು ಜೂ ಎಂಬ ಸಂಶೋಧಕರು ಅದೇ ಅಂಕಿಅಂಶಗಳನ್ನು ಮತ್ತೆ ಜಾಲಿಸಿ, ಆ ಏರಿಕೆ ನಂಬುವಷ್ಟು ಗಟ್ಟಿಯಲ್ಲ ಎಂದು ತೋರಿಸಿದರು. 2012ರಲ್ಲಿ ಚಿಂಗೋಸ್ ಮತ್ತು ಪೀಟರ್ಸನ್ ಅದೇ ಮಕ್ಕಳು ಕಾಲೇಜಿಗೆ ಹೋದರೇ ಎಂದು ಹುಡುಕಿದಾಗ, ಎಲ್ಲರನ್ನೂ ಒಟ್ಟಿಗೆ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಕಪ್ಪುಮಕ್ಕಳಲ್ಲಿ ಮಾತ್ರ ಕಾಲೇಜು ಸೇರುವವರ ಪ್ರಮಾಣ ಸುಮಾರು ಕಾಲುಭಾಗದಷ್ಟು ಹೆಚ್ಚಿತ್ತು. ಬೇರೆ ವಿಧಾನ ಹಿಡಿದ ಆಲ್ಟೊಂಜಿ ಮತ್ತು ಸಂಗಡಿಗರ 2005ರ ಅಧ್ಯಯನವೂ ಹೆಚ್ಚುಕಡಿಮೆ ಇದೇ ದಿಕ್ಕಿನದು: ಅಂಕದಲ್ಲಿ ಲಾಭ ಕಾಣದು, ಹೈಸ್ಕೂಲು ಮುಗಿಸುವುದರಲ್ಲಿ ಕಾಣುತ್ತದೆ.

ಅಂದರೆ ಈ ಶಾಲೆಗಳು ಕೊಡುವುದು ಹೆಚ್ಚು ಅಂಕವನ್ನಲ್ಲ, ಓದನ್ನು ಬಿಡದೆ ಮುಂದುವರಿಸುವ ಬಲವನ್ನು. ಇದು ಹೇಗೆ ಬರುತ್ತದೆ ಎಂಬುದಕ್ಕೆ ಬ್ರೈಕ್, ಲೀ, ಹಾಲೆಂಡ್ ಎಂಬ ಮೂವರು 1993ರ ತಮ್ಮ ಪುಸ್ತಕದಲ್ಲಿ ಕೊಟ್ಟ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ದೊಡ್ಡ ಸರ್ಕಾರಿ ಹೈಸ್ಕೂಲುಗಳಲ್ಲಿ ಹತ್ತಾರು ಬಗೆಯ ಕೋರ್ಸುಗಳಿರುತ್ತವೆ. ಬಡವರ ಮಕ್ಕಳು ಮೆಲ್ಲಗೆ ಹಗುರವಾದ ಕೋರ್ಸುಗಳ ಕಡೆಗೆ ಸರಿದುಬಿಡುತ್ತಾರೆ. ಕ್ಯಾಥೊಲಿಕ್ ಶಾಲೆಗೆ ಹತ್ತು ಬಗೆ ನಡೆಸುವ ಶಕ್ತಿಯೂ ಇರಲಿಲ್ಲ, ಹಾಗೆ ಮಕ್ಕಳನ್ನು ವಿಂಗಡಿಸುವ ಮನಸ್ಸೂ ಇರಲಿಲ್ಲ. ಬೀಜಗಣಿತ ಎಲ್ಲರಿಗೂ, ಸಾಹಿತ್ಯ ಎಲ್ಲರಿಗೂ. ಶಾಲೆ ಚಿಕ್ಕದು, ಮೇಷ್ಟ್ರಿಗೆ ಪ್ರತಿ ಮಗುವಿನ ಹೆಸರೂ ಮನೆಯೂ ಗೊತ್ತು. ಇದರಲ್ಲಿ ಯಾವುದೂ ಧರ್ಮರಹಸ್ಯವಲ್ಲ. ಯಾವ ಸರ್ಕಾರಿ ಶಾಲೆಯೂ ಇದನ್ನು ಮಾಡಬಹುದು, ಮಾಡಬೇಕು.

ಈಗ ಆಕ್ಷೇಪಗಳಿಗೆ ಬರೋಣ. ಹೆಕ್ಕಿಕೊಳ್ಳುವ ಆರೋಪದಲ್ಲಿ ಹುರುಳಿದೆ. ಸರ್ಕಾರಿ ಶಾಲೆ ಬಾಗಿಲಿಗೆ ಬಂದ ಯಾರನ್ನೂ ಕಳಿಸುವಂತಿಲ್ಲ. ವಿಶೇಷ ಆರೈಕೆ ಬೇಕಾದ ಮಗು, ಇಂಗ್ಲಿಷ್ ಬಾರದ ಮಗು, ಬೇರೆ ಶಾಲೆ ಹೊರಹಾಕಿದ ಮಗು, ಎಲ್ಲರೂ ಅದರ ಪಾಲು. ಕ್ಯಾಥೊಲಿಕ್ ಶಾಲೆಗೆ ಇವರಲ್ಲಿ ಅನೇಕರನ್ನು ನೋಡಿಕೊಳ್ಳುವ ಸಿಬ್ಬಂದಿ ಇಲ್ಲ. ಸೇರಿಸಿಕೊಂಡವರನ್ನು ಕಳಿಸುವ ಸ್ವಾತಂತ್ರ್ಯವೂ ಅದಕ್ಕಿದೆ. ಇಂಥ ಶಾಲೆಯ ಸಾಧನೆಯನ್ನು ತೋರಿಸಿ ಸರ್ಕಾರಿ ಶಾಲೆಯನ್ನು ಹಂಗಿಸುವುದು ಅನ್ಯಾಯ. ಇನ್ನು ಲಾಟರಿಯ ಸಂಖ್ಯೆಗಳನ್ನೇ ನೋಡಿ. 1999ರಲ್ಲಿ ಚಿಲ್ಡ್ರನ್ಸ್ ಸ್ಕಾಲರ್‌ಶಿಪ್ ಫಂಡ್ ದೇಶದಾದ್ಯಂತ 40 ಸಾವಿರ ವೇತನ ಘೋಷಿಸಿದಾಗ ಬಂದ ಅರ್ಜಿಗಳು ಹನ್ನೆರಡೂವರೆ ಲಕ್ಷ. ತಮ್ಮ ಪಾಲಿನ ಶುಲ್ಕವನ್ನು ತಾವೂ ಕಟ್ಟಲು ಸಿದ್ಧರಾದ ಬಡ ತಂದೆತಾಯಿಯರು ಅವರು. ಇದನ್ನು ದಾನದ ಯಶಸ್ಸು ಎಂದು ಹೇಳಿಕೊಳ್ಳುವವರು ಬರಿಗೈಲಿ ಮರಳಿದ ಹನ್ನೆರಡು ಲಕ್ಷ ಅರ್ಜಿದಾರರನ್ನು ಮರೆಯುತ್ತಾರೆ. ಅಷ್ಟು ಜನರ ಅಸಮಾಧಾನಕ್ಕೆ ಉತ್ತರ ಕೊಡಬೇಕಾದದ್ದು ಸರ್ಕಾರ, ಲಾಟರಿಯ ಡಬ್ಬಿಯಲ್ಲ.

ಮತದ ಆಕ್ಷೇಪವನ್ನು ನಾನು ಅಷ್ಟು ಭಾರವಾಗಿ ಕಾಣುವುದಿಲ್ಲ. ಆ ಶಾಲೆಗಳಲ್ಲಿ ಪ್ರಾರ್ಥನೆ ಇದೆ, ಧರ್ಮಪಾಠ ಇದೆ. ಗೊತ್ತಿದ್ದೇ ಜನ ಮಕ್ಕಳನ್ನು ಕಳಿಸುತ್ತಾರೆ. ಬ್ಯಾಪ್ಟಿಸ್ಟ್ ಅಜ್ಜಿಯೊಬ್ಬಳು ಮೊಮ್ಮಗಳನ್ನು ಸಿಸ್ಟರ್‌ಗಳ ಶಾಲೆಗೆ ಸೇರಿಸುವುದು ಮತ ಬದಲಿಸಲು ಅಲ್ಲ, ಬೀದಿಯಿಂದ ಉಳಿಸಲು. ಚರ್ಚನ್ನು ಪ್ರಶ್ನಿಸಬೇಕಾದ ಜಾಗ ಬೇರೆ ಇದೆ. ಮಕ್ಕಳ ಮೇಲೆ ಪಾದ್ರಿಗಳು ನಡೆಸಿದ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಟ್ಟ ಸಂಗತಿ 2002ರಲ್ಲಿ ಬಾಸ್ಟನ್ನಿನಿಂದ ಬಯಲಾದ ಮೇಲೆ, ಪರಿಹಾರದ ಹೊರೆಯಿಂದ ಎಷ್ಟೋ ಧರ್ಮಪ್ರಾಂತ್ಯಗಳು ದಿವಾಳಿ ಅರ್ಜಿ ಹಾಕಿವೆ. ಮಕ್ಕಳ ಹೆಸರಲ್ಲಿ ಹಣ ಕೇಳುವ ಸಂಸ್ಥೆ ಮಕ್ಕಳ ಸುರಕ್ಷತೆಗೂ ಹಣದ ಲೆಕ್ಕಕ್ಕೂ ಇತರರಿಗಿಂತ ಹೆಚ್ಚು ಉತ್ತರದಾಯಿ ಆಗಿರಬೇಕು. ದೇಣಿಗೆಯ ನಿಧಿ ಧರ್ಮಪ್ರಾಂತ್ಯದ ಖಜಾನೆಯಿಂದ ಪ್ರತ್ಯೇಕವಾಗಿರಬೇಕೆಂದು ದಾನಿಗಳು ಪಟ್ಟು ಹಿಡಿಯುವುದು ತಪ್ಪಲ್ಲ.

ನನ್ನ ಮುಖ್ಯ ತಕರಾರು ಇವೆಲ್ಲಕ್ಕಿಂತ ಬೇರೆ. ವಿದ್ಯಾರ್ಥಿವೇತನ ಮಗುವಿನ ಬೆನ್ನಿಗೆ ಕಟ್ಟಿದ ಹಣ. ಮಗು ಹೋದಲ್ಲಿಗೆ ಅದೂ ಹೋಗುತ್ತದೆ. ಸಿಸ್ಟರ್ ಕೊಟ್ಟದ್ದು ಹಾಗಲ್ಲ. ಆಕೆ ಶಾಲೆಗೆ ಬಂದು ನೆಲೆಸಿದವಳು, ಮೂವತ್ತು ನಲವತ್ತು ವರ್ಷ ಅದೇ ಬೀದಿಯಲ್ಲಿದ್ದವಳು. ಈ ವರ್ಷ ಮಕ್ಕಳು ಕಡಿಮೆಯಾದರೆ ಆಕೆಯ ಕೊಡುಗೆ ಕಡಿಮೆಯಾಗುತ್ತಿರಲಿಲ್ಲ. ಹಣ ಆ ಜಾಗ ತುಂಬಲು ಹೊರಟಾಗ ಬೋಧನೆಯ ಖರ್ಚನ್ನಷ್ಟೇ ತುಂಬಿತು, ಸ್ಥಿರತೆಯನ್ನು ತುಂಬಲಿಲ್ಲ. ಶುಲ್ಕವೇ ನಿಜವಾದ ಖರ್ಚಿಗಿಂತ ಕಡಿಮೆ ಇರುವ ಶಾಲೆಯಲ್ಲಿ, ವಿದ್ಯಾರ್ಥಿವೇತನ ಆ ಶುಲ್ಕದ ಒಂದು ಭಾಗವನ್ನು ಮಾತ್ರ ಕೊಡುತ್ತದೆ. ಎಷ್ಟು ಹೊಸ ಮಕ್ಕಳನ್ನು ಸೇರಿಸಿಕೊಂಡರೂ ಕೊರತೆ ಹಾಗೇ ಉಳಿಯುತ್ತದೆ. ಜೊತೆಗೆ 1990ರ ದಶಕದಿಂದ ಚಾರ್ಟರ್ ಶಾಲೆಗಳು ಬಂದವು: ಸರ್ಕಾರದ ಹಣ, ಖಾಸಗಿ ಆಡಳಿತ, ಶುಲ್ಕವಿಲ್ಲ. ಅದೇ ಸಮವಸ್ತ್ರ, ಅದೇ ಶಿಸ್ತು ಬಿಟ್ಟಿಯಾಗಿ ಸಿಗುವಾಗ ಅರ್ಧ ಶುಲ್ಕವನ್ನಾದರೂ ಯಾಕೆ ಕಟ್ಟಬೇಕು? ಖಾಲಿಯಾದ ಕ್ಯಾಥೊಲಿಕ್ ಕಟ್ಟಡಗಳನ್ನು ಬಾಡಿಗೆ ಹಿಡಿದು ಚಾರ್ಟರ್ ಶಾಲೆಗಳು ನಡೆದ ಉದಾಹರಣೆಗಳೂ ಇವೆ. ಸೊಟೊಮೇಯರ್ ಓದಿದ ಬ್ಲೆಸೆಡ್ ಸ್ಯಾಕ್ರಮೆಂಟ್ ಶಾಲೆ 2013ರಲ್ಲಿ ಮುಚ್ಚಿತು. ಕೋವಿಡ್ ಬಂದ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು ಇನ್ನೂರು ಕ್ಯಾಥೊಲಿಕ್ ಶಾಲೆಗಳು ಮುಚ್ಚಿದವು. ಇಂದು ಉಳಿದಿರುವವು ಸುಮಾರು 6 ಸಾವಿರ, ಮಕ್ಕಳು ಸುಮಾರು 17 ಲಕ್ಷ.

ಹೋದರೆ ಹೋಗಲಿ, ಮಕ್ಕಳು ಬೇರೆ ಶಾಲೆ ಸೇರಿದರಲ್ಲ ಎನ್ನುವವರು ಮಾರ್ಗರೆಟ್ ಬ್ರಿನಿಗ್ ಮತ್ತು ನಿಕೋಲ್ ಗಾರ್ನೆಟ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ಷಿಕಾಗೊದಲ್ಲಿ ಕ್ಯಾಥೊಲಿಕ್ ಶಾಲೆ ಮುಚ್ಚಿದ ಬಡಾವಣೆಗಳಲ್ಲಿ ಅಶಿಸ್ತು ಹೆಚ್ಚಿ, ನೆರೆಹೊರೆಯವರ ನಡುವಿನ ನಂಬಿಕೆ ಕುಗ್ಗಿದ್ದನ್ನು ಅವರು ಗುರುತಿಸಿದರು. ಹೊಸ ಚಾರ್ಟರ್ ಶಾಲೆ ಬಂದದ್ದರಿಂದ ಆ ಕೊರತೆ ತುಂಬಿದಂತೆ ಅವರಿಗೆ ಕಾಣಲಿಲ್ಲ. ಶಾಲೆ ಮಗುವಿಗೆ ಮಾತ್ರ ಸೇರಿದ್ದಲ್ಲ, ಬೀದಿಗೂ ಸೇರಿದ್ದು ಎಂಬುದು ಇದರ ತಾತ್ಪರ್ಯ. ಮಗುವಿನ ಶುಲ್ಕ ಕಟ್ಟಿದ ಮಾತ್ರಕ್ಕೆ ಬೀದಿಯ ಶಾಲೆ ಉಳಿಯುವುದಿಲ್ಲ.

ಈ ಬಿಕ್ಕಟ್ಟಿಗೆ ಎರಡು ಪರಿಹಾರಗಳು ಕಾಣಿಸಿಕೊಂಡಿವೆ. ಜೆಸ್ವಿಟ್ ಸಂಘದ ಪಾದ್ರಿಗಳು 1996ರಲ್ಲಿ ಷಿಕಾಗೊದ ಪಿಲ್ಸೆನ್ ಬಡಾವಣೆಯಲ್ಲಿ ತೆರೆದ ಕ್ರಿಸ್ತೊ ರೇ ಹೈಸ್ಕೂಲಿನಲ್ಲಿ ವಿದ್ಯಾರ್ಥಿಗಳು ತಿಂಗಳಿಗೆ ಐದು ದಿನ ಬ್ಯಾಂಕು, ವಕೀಲರ ಕಚೇರಿ, ಆಸ್ಪತ್ರೆಗಳಲ್ಲಿ ದುಡಿಯುತ್ತಾರೆ. ಆ ಗಳಿಕೆ ಶಾಲೆಗೆ ಸೇರುತ್ತದೆ. ಈ ಮಾದರಿಯ ಜಾಲ ಈಗ ಸುಮಾರು ನಲವತ್ತು ಶಾಲೆಗಳಿಗೆ ಹಬ್ಬಿದೆ. ದಾನಕ್ಕಿಂತ ಇದರಲ್ಲಿ ಸ್ವಾಭಿಮಾನ ಹೆಚ್ಚು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಲೆಕ್ಕದ ಪುಸ್ತಕ ತೆರೆದು ನೋಡಿ: ಸಿಸ್ಟರ್ ಬಿಟ್ಟುಹೋದ ದುಡಿಮೆಯ ಅಂಕಣದಲ್ಲಿ ಈಗ ಹದಿನೈದು ವರ್ಷದ ಬಡ ಹುಡುಗಿಯ ದುಡಿಮೆ ಬಂದು ಕೂತಿದೆ. ಉಳ್ಳವರ ಮಗಳು ಅದೇ ದಿನ ಪಾಠದಲ್ಲಿರುತ್ತಾಳೆ.

ಎರಡನೆಯದು ತೆರಿಗೆ ರಿಯಾಯಿತಿ. 1997ರಲ್ಲಿ ಅರಿಜೋನ ಆರಂಭಿಸಿದ ಈ ದಾರಿಯಲ್ಲಿ, ವಿದ್ಯಾರ್ಥಿವೇತನ ಸಂಸ್ಥೆಗೆ ಕೊಟ್ಟ ಹಣವನ್ನು ದಾನಿ ತನ್ನ ತೆರಿಗೆಯಿಂದಲೇ ಕಳೆದುಕೊಳ್ಳಬಹುದು. 2025ರ ಫೆಡರಲ್ ಕಾನೂನು ಇದನ್ನು ದೇಶದ ಮಟ್ಟಕ್ಕೆ ತಂದಿದೆ: ಒಪ್ಪಿದ ರಾಜ್ಯಗಳಲ್ಲಿ 2027ರಿಂದ 1,700 ಡಾಲರಿನವರೆಗಿನ ದೇಣಿಗೆಗೆ ಪೂರ್ತಿ ತೆರಿಗೆ ವಿನಾಯಿತಿ. ಪೂರ್ತಿ ವಿನಾಯಿತಿ ಎಂದರೆ ದಾನಿಯ ಜೇಬಿನಿಂದ ಒಂದು ಕಾಸೂ ಹೋಗಲಿಲ್ಲ ಎಂದರ್ಥ. ಹೋದದ್ದು ಸಾರ್ವಜನಿಕ ಬೊಕ್ಕಸದಿಂದ. ಹಾಗಿದ್ದರೆ ಅದನ್ನು ಸರ್ಕಾರಿ ಅನುದಾನ ಎಂದೇ ಕರೆದು, ಅನುದಾನಕ್ಕಿರುವ ಷರತ್ತುಗಳನ್ನೂ ಹಾಕಬೇಕು: ಯಾರನ್ನು ಸೇರಿಸಿಕೊಂಡಿರಿ, ಯಾರನ್ನು ಕಳಿಸಿದಿರಿ, ಹಣ ಎಲ್ಲಿ ಹೋಯಿತು ಎಂದು ಕೇಳಬೇಕು. ದಾನದ ಹೆಸರಿನಲ್ಲಿ ಸಾರ್ವಜನಿಕ ಹಣವನ್ನು ಪ್ರಶ್ನೆಗಳಿಂದ ತಪ್ಪಿಸುವುದು ಸಿಸ್ಟರ್‌ಗಳ ತ್ಯಾಗಕ್ಕೂ ವಿಲ್ಸನ್ನರ ಔದಾರ್ಯಕ್ಕೂ ಮಾಡುವ ಅವಮಾನ.

ಈ ಚರ್ಚೆ ಕರ್ನಾಟಕದವರಿಗೆ ದೂರದ್ದೇನಲ್ಲ. ನಮ್ಮ ಸಂವಿಧಾನದ 30ನೇ ವಿಧಿ, ಅಲ್ಪಸಂಖ್ಯಾತರ ಶಾಲೆ ಎಂಬ ಕಾರಣಕ್ಕೆ ಅನುದಾನದಲ್ಲಿ ತಾರತಮ್ಯ ಮಾಡುವಂತಿಲ್ಲ ಎನ್ನುತ್ತದೆ. ಅಮೆರಿಕದಲ್ಲಿ ಲೆಮನ್ ತೀರ್ಪು ತಡೆದದ್ದನ್ನೇ ಇಲ್ಲಿ ಅನುದಾನಿತ ಕ್ರೈಸ್ತ ಶಾಲೆಗಳು ದಶಕಗಳಿಂದ ಪಡೆದಿವೆ. ಕನ್ನಡ ಮಾಧ್ಯಮದಲ್ಲಿ ಬಡ ಮಕ್ಕಳಿಗೆ ಕಲಿಸಿವೆ. ಆದರೆ 1995ರ ನಂತರ ಹುಟ್ಟಿದ ಶಾಲೆಗಳಿಗೆ ಅನುದಾನದ ಬಾಗಿಲು ತೆರೆದಿಲ್ಲ, ಹಳೆಯವುಗಳಲ್ಲಿ ನಿವೃತ್ತರಾದವರ ಜಾಗ ಎಷ್ಟೋ ಕಡೆ ತುಂಬಿಲ್ಲ. ಇನ್ನೊಂದೆಡೆ, ಬಡ ಮಕ್ಕಳಿಗೆ ಶೇ 25 ಸೀಟು ಕೊಡಿಸುವ ಶಿಕ್ಷಣ ಹಕ್ಕು ಕಾಯ್ದೆಯಿಂದ ಅಲ್ಪಸಂಖ್ಯಾತ ಶಾಲೆಗಳನ್ನು ನಮ್ಮ ಸುಪ್ರೀಂ ಕೋರ್ಟಿನ 2014ರ ಪ್ರಮತಿ ತೀರ್ಪು ಹೊರಗಿಟ್ಟಿದೆ. ಹಕ್ಕಾಗಿ ಬಡವರನ್ನು ಸೇರಿಸಿಕೊಳ್ಳಬೇಕಿಲ್ಲದ ಹೆಸರಾಂತ ಶಾಲೆಗಳು ದಾನವಾಗಿಯಾದರೂ ಎಷ್ಟು ಮಂದಿಯನ್ನು ಸೇರಿಸಿಕೊಳ್ಳುತ್ತಿವೆ ಎಂದು ಕೇಳುವ ನೈತಿಕ ಅಧಿಕಾರ ನಮಗಿದೆ. ಸಿದ್ಧಗಂಗೆಯ ಅನ್ನ, ಅಕ್ಷರ, ಆಶ್ರಯದ ದಾಸೋಹವೂ ಇದೇ ಪಾಠ ಹೇಳುತ್ತದೆ. ಅಲ್ಲಿ ಸಾವಿರಾರು ಮಕ್ಕಳು ಓದಿದ್ದು ಯಾರೋ ಒಬ್ಬರು ಶುಲ್ಕ ಕಟ್ಟಿದ್ದರಿಂದಲ್ಲ. ಒಬ್ಬ ಸ್ವಾಮೀಜಿ ಜೀವಮಾನವಿಡೀ ಅಲ್ಲೇ ನಿಂತದ್ದರಿಂದ, ಭಕ್ತರು ತಮ್ಮ ಬೆಳೆಯಲ್ಲಿ ಪಾಲು ತಂದು ಸುರಿದದ್ದರಿಂದ. ದಾನ ಸಂಸ್ಥೆಯೊಳಗೆ ನೆಲೆ ನಿಂತಿತ್ತು.

ಹಾಗಾದರೆ ವಿದ್ಯಾರ್ಥಿವೇತನ ಕೊಡಬಾರದೇ? ಕೊಡಬೇಕು. ಹೈಸ್ಕೂಲು ಬಿಡಬಹುದಾಗಿದ್ದ ಹುಡುಗ ಅದನ್ನು ಮುಗಿಸಿದರೆ ಅವನ ಬದುಕಿನಲ್ಲಿ ಆ ವ್ಯತ್ಯಾಸ ಚಿಕ್ಕದಲ್ಲ. ವ್ಯವಸ್ಥೆ ಸರಿಹೋಗುವವರೆಗೆ ಅವನು ಕಾಯಲಾರ. ಆದರೆ ಕೊಡುವವರು ಒಂದು ವರ್ಷದ ಶುಲ್ಕ ಕಟ್ಟಿ ಫೋಟೊ ತೆಗೆಸಿಕೊಂಡು ಹೋಗಬಾರದು. ಮಗು ಆ ಶಾಲೆ ಮುಗಿಸುವವರೆಗಿನ ಹೊಣೆ ಹೊರಬೇಕು. ಶುಲ್ಕದ ಜೊತೆಗೆ ಶಿಕ್ಷಕರ ಸಂಬಳಕ್ಕೂ ಕಟ್ಟಡಕ್ಕೂ ಶಾಶ್ವತ ನಿಧಿ ಇಡಬೇಕು. ಶಾಲೆ ತನ್ನ ಲೆಕ್ಕವನ್ನು ಬಿಚ್ಚಿಡಬೇಕು, ಕಷ್ಟದ ಮಗುವನ್ನೂ ಸೇರಿಸಿಕೊಳ್ಳಬೇಕು. ಸರ್ಕಾರವಂತೂ ದಾನಿಗಳನ್ನು ತೋರಿಸಿ ತನ್ನ ಶಾಲೆಗಳ ಹೊಣೆಯಿಂದ ನುಣುಚಿಕೊಳ್ಳಕೂಡದು. ಬಡವರ ಶಾಲೆ ಯಾವ ದೇಶದಲ್ಲೂ ಬಿಟ್ಟಿಯಾಗಿ ನಡೆದಿಲ್ಲ. ಅಮೆರಿಕದಲ್ಲಿ ನೂರು ವರ್ಷ ಅದರ ಖರ್ಚನ್ನು ಸಂಬಳ ಪಡೆಯದ ಹೆಂಗಸರು ಭರಿಸಿದರು. ಇನ್ನು ಮುಂದೆ ಅದನ್ನು ಇಡೀ ಸಮಾಜವೇ ಭರಿಸಬೇಕು.